ನಾಲ್ಕು ಸೆಂಟಿಮೀಟರಿನ ಓಣಿ

ಕಿಬ್ಬೊಟ್ಟೆಯ ಕೆಳಗಡೆ, ತೊಡೆಸಂದಿನ ಗೆರೆಗಿಂತ ತುಸು ಮೇಲೆ, ಪ್ರತಿಯೊಬ್ಬರ ಮೈಯಲ್ಲೂ ಎಡಕ್ಕೊಂದು ಬಲಕ್ಕೊಂದು ಓಣಿ ಇದೆ. ಉದ್ದ ಸುಮಾರು 4 ಸೆಂಟಿಮೀಟರ್. ಡಾಕ್ಟರುಗಳು ಅದನ್ನು ಇಂಗ್ವೈನಲ್ ಕೆನಾಲ್ ಎನ್ನುತ್ತಾರೆ. ಅದಕ್ಕೆ ಒಳಗೊಂದು ಬಾಯಿ, ಹೊರಗೊಂದು ಬಾಯಿ. ಎರಡೂ ನೇರ ಎದುರುಬದುರು ಇದ್ದಿದ್ದರೆ ನಾವು ಕೆಮ್ಮಿದಾಗಲೆಲ್ಲ ಕರುಳು ಹೊರಗೆ ಇಣುಕುತ್ತಿತ್ತು. ಹಾಗಾಗದಂತೆ ಓಣಿ ಓರೆಯಾಗಿ ಹಾದಿದೆ. ಕೆಮ್ಮಿದಾಗ, ಮುಕ್ಕಿದಾಗ, ಭಾರ ಎತ್ತಿದಾಗ ಹೊಟ್ಟೆಯೊಳಗಿನ ಒತ್ತಡ ಏರುತ್ತದೆ. ಅದೇ ಒತ್ತಡ ಓಣಿಯ ಹಿಂಗೋಡೆಯನ್ನು ಮುಂಗೋಡೆಗೆ ಒತ್ತಿ ಹಿಡಿಯುತ್ತದೆ; ಮೇಲಿನ ಸ್ನಾಯುಗಳ ಕಮಾನು ಕೆಳಗಿಳಿಯುತ್ತದೆ; ಒಳಬಾಯಿ ಬಿಗಿಯುತ್ತದೆ. ಅಪಾಯ ತರುವ ಒತ್ತಡದಿಂದಲೇ ಅಪಾಯಕ್ಕೆ ತಡೆ. ಇಷ್ಟು ಸಣ್ಣ ಜಾಗದಲ್ಲಿ ಇಷ್ಟು ಜಾಣತನ ತೋರಿದ ರಚನೆ ಮೈಯಲ್ಲಿ ಬೇರೆಡೆ ಅಪರೂಪ.

ಓಣಿ ಏಕಿದೆ ಎಂಬುದಕ್ಕೆ ಉತ್ತರ ನಮ್ಮ ಹುಟ್ಟಿಗೂ ಮೊದಲಿನದು. ಗರ್ಭದೊಳಗಿನ ಗಂಡುಮಗುವಿನ ವೃಷಣಗಳು ಮೂತ್ರಪಿಂಡಗಳ ನೆರೆಯಲ್ಲಿ ರೂಪುಗೊಂಡು, ನಿಧಾನವಾಗಿ ಕೆಳಗಿಳಿದು, ಕೊನೆಯ ತಿಂಗಳುಗಳಲ್ಲಿ ಹೊಟ್ಟೆಯ ಗೋಡೆ ದಾಟಿ ಹೊರಗೆ ನೆಲೆಸುತ್ತವೆ. ದಾಟಿದ ದಾರಿ ಹಾಗೇ ಉಳಿಯುತ್ತದೆ. ವೃಷಣಕ್ಕೆ ರಕ್ತ ಒಯ್ಯುವ ನಾಳಗಳೂ ವೀರ್ಯನಾಳವೂ ಒಂದೇ ಹುರಿಯಾಗಿ ಅದರಲ್ಲಿ ಸಾಗುತ್ತವೆ. ಹೆಂಗಸರಲ್ಲಿ ಅದೇ ಓಣಿಯಲ್ಲಿ ಗರ್ಭಕೋಶದ ಒಂದು ಕಟ್ಟು ಹಾದುಹೋಗುತ್ತದೆ. ವೃಷಣದ ಜೊತೆಗೆ ಹೊಟ್ಟೆಯ ಒಳಪೊರೆಯ ಕಿರುಚೀಲವೊಂದು ಇಳಿದಿರುತ್ತದೆ. ಅದು ತಾನಾಗಿ ಮುಚ್ಚಿಹೋಗಬೇಕು. ಕೆಲವರಲ್ಲಿ ಮುಚ್ಚುವುದಿಲ್ಲ. ಅಂಥವರಿಗೆ ತೊಟ್ಟಿಲಲ್ಲೋ, ಮೂವತ್ತರ ಹರೆಯದಲ್ಲೋ ಆ ಚೀಲದೊಳಕ್ಕೆ ಕರುಳು ಇಳಿಯುತ್ತದೆ; ಹೀಗೆ ಉಬ್ಬಿಬರುವ ಗಂಟೇ ಹರ್ನಿಯಾ. ಇನ್ನು ಕೆಲವರಲ್ಲಿ ವಯಸ್ಸು, ಹಳೆಯ ಕೆಮ್ಮು, ಮಲಬದ್ಧತೆ, ಪ್ರಾಸ್ಟೇಟ್ ದಪ್ಪವಾಗಿ ಮುಕ್ಕಿ ಮೂತ್ರ ಮಾಡುವ ಪಾಡು ಎಲ್ಲ ಸೇರಿ ಓಣಿಯ ಹಿಂಗೋಡೆಯೇ ಸಡಿಲಾಗಿ ಉಬ್ಬುತ್ತದೆ. ಮೂರನೆಯ ಬಗೆ ಓಣಿಯದೇ ಅಲ್ಲ. ಅದರ ಕೆಳಗೆ, ತೊಡೆಯ ದೊಡ್ಡ ಅಭಿಧಮನಿಯ ಮಗ್ಗುಲಲ್ಲಿ ಒಂದು ಕಿರಿದಾದ ಸಂದು. ಅಲ್ಲಿಂದ ಇಳಿಯುವುದು ಫೆಮೊರಲ್ ಹರ್ನಿಯಾ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ನೋಡಲು ಅಡಿಕೆಯಷ್ಟು, ಕರುಳನ್ನು ಹಿಡಿದು ಬಿಗಿಯುವುದರಲ್ಲಿ ಮಾತ್ರ ಮೂರರಲ್ಲಿ ಮೊದಲನೆಯದು.

ನಮ್ಮ ಆಯುರ್ವೇದಕ್ಕೂ ಈ ಗಂಟು ಹೊಸತಲ್ಲ. ಸುಶ್ರುತ ಸಂಹಿತೆ ಏಳು ಬಗೆಯ ವೃದ್ಧಿಗಳನ್ನು ಎಣಿಸುವಾಗ ಕರುಳು ಇಳಿದು ಆಗುವ ಅಂತ್ರವೃದ್ಧಿಯನ್ನೂ ಎಣಿಸುತ್ತದೆ. ಹೆಸರಿಗೆ ಕೊರತೆಯಿರಲಿಲ್ಲ. ಓಣಿಯ ಗೋಡೆಯನ್ನು ಮತ್ತೆ ಕಟ್ಟುವ ಕೈ ಬರಲು ಮಾತ್ರ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು.

ಆ ಕೈಯ ಚೆಲುವನ್ನು ಸವಿಯಲು ಕಲಬುರಗಿ ಸೀಮೆಯವರಿಗೆ ಒಂದು ಅನುಕೂಲವಿದೆ. ಶಹಾಬಾದಿನಿಂದ ವಾಡಿ, ಚಿತ್ತಾಪುರ, ಸೇಡಂವರೆಗೆ ನಮ್ಮ ನೆಲದಡಿ ಸುಣ್ಣಕಲ್ಲು ಪದರಪದರವಾಗಿ ಮಲಗಿದೆ. ಫರಸಿ ಖಣಿಯಲ್ಲಿ ನುರಿತವನು ಬಂಡೆಯನ್ನು ಒಡೆಯುವುದಿಲ್ಲ. ಎರಡು ಪದರ ಕೂಡುವ ಸಂದನ್ನು ಕಣ್ಣಿನಿಂದಲೂ ಸುತ್ತಿಗೆಯ ಸಪ್ಪಳದಿಂದಲೂ ಹುಡುಕಿ, ಅಲ್ಲಿಗೆ ಉಳಿ ಇಟ್ಟು, ಮೆಲ್ಲಗೆ ಬಡಿದು, ಹಾರೆಯಿಂದ ಎಬ್ಬಿಸುತ್ತಾನೆ. ಸಂದು ಸಿಕ್ಕರೆ ಮನೆಯಂಗಳದಷ್ಟು ಅಗಲದ ಹಾಸುಗಲ್ಲು ತಾನಾಗಿ ಎದ್ದುಬರುತ್ತದೆ, ತಪ್ಪಿದರೆ ಚೂರು. ಹೊಟ್ಟೆಯ ಗೋಡೆಯೂ ಹೀಗೆ ಪದರಗಳದು. ಚರ್ಮ, ಕೊಬ್ಬು, ಹೊಳೆಯುವ ಬಿಳಿಯ ಎಕ್ಸ್‌ಟರ್ನಲ್ ಆಬ್ಲಿಕ್ ಪೊರೆ, ಅದರಡಿ ಎರಡು ಸ್ನಾಯುಗಳು, ತೆಳ್ಳಗಿನ ಟ್ರಾನ್ಸ್‌ವರ್ಸಾಲಿಸ್ ಫ್ಯಾಸಿಯಾ, ಕೊನೆಗೆ ಒಳಪೊರೆ. ಒಳ್ಳೆಯ ಸರ್ಜನ್ ಪದರಗಳ ನಡುವಿನ ಸಂದಿನಲ್ಲೇ ಸಾಗುತ್ತಾನೆ, ರಕ್ತ ಹನಿಯುವುದು ಬಹಳ ಕಡಿಮೆ. ಹೋಲಿಕೆ ಇಲ್ಲಿಗೆ ಮುಗಿಯಿತು. ಖಣಿಯವನು ಎಬ್ಬಿಸಿದ ಪದರವನ್ನು ಮರಳಿ ಅಲ್ಲೇ ಕೂರಿಸಬೇಕಾಗಿಲ್ಲ. ಸರ್ಜನ್ ಕೂರಿಸಬೇಕು, ಕೂರಿಸಿದ್ದು ಮುಂದೆ ವಾಡಿಯ ಸಿಮೆಂಟ್ ಗೋದಾಮಿನಲ್ಲಿ 50 ಕಿಲೋ ಚೀಲ ಹೊರುವವನ ಭಾರವನ್ನೂ ತಾಳಬೇಕು.

ಭಾರ ಹೊರುವುದರಿಂದಲೇ ಹರ್ನಿಯಾ ಬರುತ್ತದೆ ಎಂಬ ಮಾತು ನಮ್ಮ ಹಮಾಲರಲ್ಲಿ, ಖಣಿ ಕೆಲಸದವರಲ್ಲಿ ಗಟ್ಟಿಯಾಗಿದೆ. ಅದು ಅರ್ಧ ನಿಜ. ಒಳಗೆ ಮೊದಲೇ ಒಂದು ಸಡಿಲು ಇರಬೇಕು; ಭಾರ ಅದನ್ನು ಬಯಲಿಗೆ ತರುತ್ತದೆ. ಎಷ್ಟೋ ಜನ ಗಂಟನ್ನು ವರ್ಷಗಟ್ಟಲೆ ಸಾಕಿಕೊಂಡಿರುತ್ತಾರೆ. ನಿಂತಾಗ ಬರುತ್ತದೆ, ಮಲಗಿದಾಗ ಹೋಗುತ್ತದೆ, ಧೋತರದೊಳಗೆ ಕೈಯಿಂದ ಒತ್ತಿಕೊಂಡು ಸಂತೆ ಮುಗಿಸಿ ಬರುತ್ತಾರೆ. ನೋವಿಲ್ಲದ ಇಂಥ ಗಂಟನ್ನು ನೋಡುತ್ತ ಕಾಯಬಹುದೇ ಎಂದು ಅಮೆರಿಕದ ಒಂದು ದೊಡ್ಡ ಅಧ್ಯಯನ ಪರೀಕ್ಷಿಸಿ 2006ರಲ್ಲಿ ವರದಿ ಮಾಡಿತು. ಕಾದ ಗಂಡಸರಲ್ಲಿ ದಿಢೀರನೆ ಸಿಕ್ಕಿಕೊಂಡದ್ದು ವರ್ಷಕ್ಕೆ ಸಾವಿರಕ್ಕೆ ಎರಡಕ್ಕಿಂತ ಕಡಿಮೆ. ಆದರೆ ಆ ಗಂಡಸರು ಡಾಕ್ಟರರ ಕಣ್ಣಳತೆಯಲ್ಲಿದ್ದವರು. ಚಿಂಚೋಳಿಯ ಗುಡ್ಡದಂಚಿನ ತಾಂಡಾದಲ್ಲಿ ಇರುಳು ಹನ್ನೆರಡಕ್ಕೆ ಗಂಟು ಸಿಕ್ಕಿಕೊಂಡರೆ ಆ ಅಂಕಿ ನೆರವಿಗೆ ಬರುವುದಿಲ್ಲ.

ಸಿಕ್ಕಿಕೊಂಡಾಗ ರೋಗಿ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ದಿನಾ ಒಳಗ ಹೋಗ್ತಿತ್ತು ಸಾಹೇಬ್ರ, ಇವತ್ತ ಹೋಗವಲ್ದು." ಈ ಒಂದು ವಾಕ್ಯದಲ್ಲಿ ರೋಗನಿರ್ಣಯ ಮುಗಿದಿದೆ. ಒಳಗೆ ನಡೆಯುವುದು ಹೀಗೆ. ಕರುಳಿನ ಕುಣಿಕೆ ಕಿರಿದಾದ ಉಂಗುರದಲ್ಲಿ ಹಿಡಿದಿದೆ. ರಕ್ತ ಹಿಂದಿರುಗುವ ಅಭಿಧಮನಿಗಳ ಗೋಡೆ ತೆಳು, ಅವು ಮೊದಲು ಮುಚ್ಚುತ್ತವೆ. ಒಳಬರುವ ಅಪಧಮನಿಗಳಲ್ಲಿ ಒತ್ತಡ ಹೆಚ್ಚು, ಅವು ಇನ್ನೂ ಹರಿಯುತ್ತಿವೆ. ಬಂದ ರಕ್ತಕ್ಕೆ ಹೊರಹೋಗಲು ದಾರಿಯಿಲ್ಲ. ಕುಣಿಕೆ ಬಾತುಕೊಳ್ಳುತ್ತದೆ, ಬಾತಷ್ಟೂ ಉಂಗುರ ಬಿಗಿಯಾಗುತ್ತದೆ, ಕೊನೆಗೆ ಅಪಧಮನಿಯೂ ಸೋಲುತ್ತದೆ. ಗುಲಾಬಿ ಬಣ್ಣದ ಕರುಳು ಕೆಂಪಾಗಿ, ನೇರಳೆಯಾಗಿ, ಕಪ್ಪಾಗುತ್ತದೆ. ಹೊಟ್ಟೆ ಉಬ್ಬುತ್ತದೆ, ಗಾಳಿ ಸರಿಯುವುದಿಲ್ಲ, ವಾಂತಿ ಶುರುವಾಗುತ್ತದೆ. ಇದೆಲ್ಲ ಕೆಲವೇ ತಾಸುಗಳ ಆಟ. ಜರ್ಮನಿಯ ಆಗಸ್ಟ್ ಗಾಟ್ಲೀಬ್ ರಿಕ್ಟರ್ ಹದಿನೆಂಟನೆಯ ಶತಮಾನದಲ್ಲಿ ಬಣ್ಣಿಸಿದ ಇನ್ನೊಂದು ಬಗೆ ಇನ್ನೂ ಮೋಸದ್ದು. ಕರುಳಿನ ಸುತ್ತಳತೆಯ ಒಂದು ಪಾಲು ಮಾತ್ರ ಸಿಕ್ಕಿಕೊಳ್ಳುತ್ತದೆ. ದಾರಿ ತೆರೆದಿರುವುದರಿಂದ ವಾಂತಿಯಿಲ್ಲ, ಉಬ್ಬರವಿಲ್ಲ, ಸಿಕ್ಕಿದ ಪಾಲು ಮಾತ್ರ ಸದ್ದಿಲ್ಲದೆ ಸಾಯುತ್ತಿರುತ್ತದೆ.

ಕತ್ತಿ ಹಿಡಿಯುವ ಮೊದಲು ಬರಿಗೈಯ ವಿದ್ಯೆಯೊಂದಿದೆ. ಹೆಸರು ಟ್ಯಾಕ್ಸಿಸ್. ರೋಗಿಗೆ ನೋವಿನ ಔಷಧ ಕೊಟ್ಟು, ಕಾಲ ಕಡೆ ಮಂಚ ಎತ್ತಿ, ಮೈ ಸಡಿಲಾಗುವವರೆಗೆ ಕಾದು, ಒಂದು ಕೈಯ ಬೆರಳುಗಳಿಂದ ಗಂಟಿನ ಕುತ್ತಿಗೆಯನ್ನು ನೇರವಾಗಿ ಹಿಡಿದು, ಇನ್ನೊಂದು ಕೈಯಿಂದ ಬುಡದಿಂದ ಮೆಲ್ಲಗೆ ಒತ್ತಬೇಕು. ಬಲ ಬೇಕಿಲ್ಲ, ತಾಳ್ಮೆ ಬೇಕು. ಗುಳುಗುಳು ಎಂಬ ಸದ್ದಿನೊಂದಿಗೆ ಕುಣಿಕೆ ಒಳಸರಿದರೆ ರೋಗಿಯ ಮುಖ ನೋಡಬೇಕು. ಆದರೆ ಈ ವಿದ್ಯೆಯ ಹಿರಿಮೆ ಅದನ್ನು ಯಾವಾಗ ಮಾಡಬಾರದು ಎಂಬ ಅರಿವಿನಲ್ಲಿದೆ. ಗಂಟಿನ ಮೇಲಿನ ಚರ್ಮ ಕೆಂಪಾಗಿದ್ದರೆ, ಜ್ವರವಿದ್ದರೆ, ನಾಡಿ ಓಡುತ್ತಿದ್ದರೆ, ಹೊಟ್ಟೆ ಮುಟ್ಟಗೊಡದಿದ್ದರೆ ಒತ್ತಕೂಡದು. ಸತ್ತ ಕರುಳನ್ನು ಒಳಗೆ ತಳ್ಳಿದರೆ ಹೊರಗಿದ್ದ ಕೊಳೆ ಹೊಟ್ಟೆಯೊಳಗಾಯಿತು. ಬಲವಂತ ಮಾಡಿದರೆ ಉಂಗುರದ ಸಮೇತ ಇಡೀ ಚೀಲವೇ ಒಳಸರಿದು, ಹೊರಗೆ ಗಂಟು ಕಾಣದೆ, ಒಳಗೆ ಬಿಗಿತ ಹಾಗೇ ಉಳಿದುಬಿಡುವುದೂ ಉಂಟು.

ಇನ್ನು ಅರಿವಳಿಕೆ. ತೊಡೆಸಂದಿನ ಹರ್ನಿಯಾವನ್ನು ಆ ಜಾಗವನ್ನಷ್ಟೇ ಮರಗಟ್ಟಿಸಿ ರಿಪೇರಿ ಮಾಡಬಹುದೆಂದು ಹಾರ್ವೆ ಕುಶಿಂಗ್ 1900ರಲ್ಲಿ ಬರೆದು ತೋರಿಸಿದರು. ಎದೆ ಸೋತ ಮುದುಕರಿಗೆ, ಕರುಳು ಇನ್ನೂ ಜೀವಂತವಿದೆ ಎಂಬ ನಂಬಿಕೆಯಿದ್ದಾಗ, ಇಂದಿಗೂ ಅದು ಎಲ್ಲಕ್ಕಿಂತ ಸೌಮ್ಯವಾದ ದಾರಿ. ಬೆನ್ನಿಗೆ ಚುಚ್ಚುವ ಸ್ಪೈನಲ್ ಇನ್ನೊಂದು. ಹೊಟ್ಟೆ ತೆರೆಯಬೇಕಾಗಬಹುದು ಎನಿಸಿದರೆ ಪೂರ್ಣ ಅರಿವಳಿಕೆ. ಈ ಮಾತಿಗೆ ನಮ್ಮ ಸೀಮೆಯ ನಂಟೂ ಇದೆ. ಸೇಡಂ, ಚಿತ್ತಾಪುರಗಳು ಆಗ ನಿಜಾಮರ ರಾಜ್ಯದೊಳಗಿದ್ದವು. ವಾಡಿಯಿಂದ ಸಿಕಂದರಾಬಾದಿಗೆ ರೈಲು ಹರಿಯತೊಡಗಿದ್ದು 1874ರಲ್ಲಿ. ಅದೇ ರೈಲುದಾರಿಯ ಆ ತುದಿಯಲ್ಲಿ 1888 ಮತ್ತು 1889ರಲ್ಲಿ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗಗಳು ನಡೆದವು. ಎಡ್ವರ್ಡ್ ಲಾರಿ ಮುಂದಾಳು. ಎರಡನೆಯದಕ್ಕೆ ನಿಜಾಮರು ಹಣ ಕೊಟ್ಟು ಲಂಡನ್ನಿನಿಂದ ಲಾಡರ್ ಬ್ರಂಟನ್ ಅವರನ್ನು ಕರೆಸಿದರು. ಕ್ಲೋರೋಫಾರ್ಮಿನಲ್ಲಿ ಮೊದಲು ನಿಲ್ಲುವುದು ಉಸಿರು, ಹೃದಯವಲ್ಲ ಎಂದು ಆಯೋಗ ತೀರ್ಪಿತ್ತಿತು. ಹೃದಯವೂ ದಿಢೀರನೆ ನಿಲ್ಲಬಲ್ಲದೆಂದು ಆಮೇಲೆ ಗೊತ್ತಾಯಿತು. ಆದರೂ ಅರಿವಳಿಕೆ ಕೊಡುವವನ ಕಣ್ಣು ರೋಗಿಯ ಉಸಿರಿನ ಮೇಲಿರಲಿ ಎಂಬ ಅವರ ಒತ್ತಾಯ ಹಳತಾಗಿಲ್ಲ.

ಈಗ ಆಪರೇಶನ್ನಿನ ಅತಿ ಸೊಗಸಾದ ಘಟ್ಟಕ್ಕೆ ಬರೋಣ. ಓಣಿ ತೆರೆಯಿತು, ಉಬ್ಬಿದ ಚೀಲ ಕಾಣಿಸಿತು. ಹೊಸಬನಿಗೆ ಬಿಗಿದ ಉಂಗುರವನ್ನು ಮೊದಲು ಕತ್ತರಿಸುವ ಆತುರ. ಹಾಗೆ ಮಾಡಿದರೆ ಕುಣಿಕೆ ಜಾರಿ ಹೊಟ್ಟೆಯೊಳಗೆ ಹೋಗಿಬಿಡುತ್ತದೆ; ಅದು ಬದುಕಿತ್ತೋ ಸತ್ತಿತ್ತೋ ಎಂದು ನೋಡುವ ಅವಕಾಶ ಕೈತಪ್ಪುತ್ತದೆ. ಆದ್ದರಿಂದ ಪಳಗಿದ ಕೈ ಮೊದಲು ಚೀಲವನ್ನು ತೆರೆಯುತ್ತದೆ, ಒಳಗಿನ ದ್ರವವನ್ನು ಹೀರಿ ತೆಗೆಯುತ್ತದೆ, ಕುಣಿಕೆಯನ್ನು ಬೆರಳುಗಳಲ್ಲಿ ಹಿಡಿದುಕೊಳ್ಳುತ್ತದೆ, ಆಮೇಲಷ್ಟೇ ಉಂಗುರವನ್ನು ಬಿಡಿಸುತ್ತದೆ. ಕ್ರಮ ತುಸು ಅದಲುಬದಲಾದರೂ ಅದೇ ಆಪರೇಶನ್ ಬೇರೆಯದಾಗುತ್ತದೆ.

ಆಮೇಲೆ ಏನೂ ಮಾಡದಿರುವ ಸಮಯ. ಬಿಡುಗಡೆಯಾದ ಕರುಳನ್ನು ಬಿಸಿ ಸಲೈನಿನಲ್ಲಿ ಅದ್ದಿದ ಬಟ್ಟೆಯಲ್ಲಿ ಸುತ್ತಿ, ರೋಗಿಗೆ ಆಮ್ಲಜನಕ ಹೆಚ್ಚಿಸಿ, ಹತ್ತು ಹದಿನೈದು ನಿಮಿಷ ಕಾಯಬೇಕು. ಥಿಯೇಟರಿನಲ್ಲಿ ಎಲ್ಲರಿಗೂ ಅವಸರ, ಸರ್ಜನ್ ಕೈಕಟ್ಟಿ ನಿಂತಿರಬೇಕು. ಬಟ್ಟೆ ತೆಗೆದಾಗ ನಾಲ್ಕು ಸಂಗತಿ ನೋಡುತ್ತಾರೆ. ಬಣ್ಣ ಮರಳಿತೇ? ಮೇಲ್ಮೈಯ ಹೊಳಪು ಉಳಿದಿದೆಯೇ? ಮೆಲ್ಲಗೆ ಚಿವುಟಿದರೆ ಅಲೆ ಏಳುತ್ತದೆಯೇ? ಕರುಳನ್ನು ಹಿಡಿದಿರುವ ಪೊರೆಯಲ್ಲಿ ನಾಡಿ ಮಿಡಿಯುತ್ತಿದೆಯೇ? ನೇರಳೆ ಬಣ್ಣ ನಿಧಾನವಾಗಿ ತಿಳಿಗುಲಾಬಿಗೆ ತಿರುಗಿ, ಕುಣಿಕೆಯುದ್ದಕ್ಕೂ ಒಂದು ಅಲೆ ಹರಿದು ಹೋಗುವುದನ್ನು ನೋಡುವುದಕ್ಕಿಂತ ಹೆಚ್ಚಿನ ಸುಖ ಆ ಕೋಣೆಯಲ್ಲಿಲ್ಲ. ಉಂಗುರ ಒತ್ತಿದ ಜಾಗದ ಬಿಳಿ ಗೆರೆಯನ್ನು ಮಾತ್ರ ಮತ್ತೆ ಮತ್ತೆ ನೋಡಬೇಕು. ಸಾವು ಶುರುವಾಗುವುದು ಅಲ್ಲಿ.

ಬಣ್ಣ ಮರಳದಿದ್ದರೆ ಸತ್ತ ತುಂಡನ್ನು ತೆಗೆದು ಆರೋಗ್ಯವಾದ ತುದಿಗಳನ್ನು ಜೋಡಿಸಬೇಕು. ಸಣ್ಣಕರುಳು ಉದ್ದವಾಗಿದೆ, ಒಂದು ಗೇಣು ಹೋದರೆ ಊಟಕ್ಕೆ ಏನೂ ಕುಂದಿಲ್ಲ. ಹರಿದ ಕರುಳಿನ ಅಂಚುಗಳನ್ನು ದೊಡ್ಡ ಕಪ್ಪಿರುವೆಗಳಿಂದ ಕಚ್ಚಿಸಿ, ಮೈ ಕಿತ್ತು, ತಲೆಯನ್ನು ಅಲ್ಲೇ ಬಿಡುವ ಉಪಾಯವನ್ನು ಸುಶ್ರುತ ಸಂಹಿತೆ ಹೇಳಿದೆ. ಇಂದಿನವರು ಕರಗುವ ದಾರದಿಂದ ಕೈಹೊಲಿಗೆ ಹಾಕುತ್ತಾರೆ, ಇಲ್ಲವೇ ಸ್ಟೇಪ್ಲರ್ ಬಳಸುತ್ತಾರೆ. ಎರಡು ಅಂಚುಗಳನ್ನು ಎಳೆತವಿಲ್ಲದೆ, ರಕ್ತ ಹರಿಯುವಂತೆ, ಸೋರದಂತೆ ಕೂಡಿಸಬೇಕೆಂಬ ನಿಯಮಕ್ಕೆ ವಯಸ್ಸಾಗಿಲ್ಲ. ಸಂಶಯವಿದ್ದರೆ ಹರ್ನಿಯಾದ ಚೀಲದ ಬಾಯಿಂದಲೇ ಲ್ಯಾಪರೊಸ್ಕೋಪಿನ ಕೊಳವೆ ತೂರಿಸಿ ಹೊಟ್ಟೆಯೊಳಗಿನ ಕರುಳನ್ನು ನೋಡಿಬಿಡುವ ನವಿರಾದ ಉಪಾಯವೂ ಇದೆ. ಅದಕ್ಕೆ ಹರ್ನಿಯೋಸ್ಕೋಪಿ ಎನ್ನುತ್ತಾರೆ. ಎಷ್ಟೋ ಸಲ ಇದರಿಂದ ಹೊಟ್ಟೆ ಸೀಳುವುದು ತಪ್ಪುತ್ತದೆ.

ಕರುಳಿನ ಕೆಲಸ ಮುಗಿದ ಮೇಲೆ ಗೋಡೆಯ ಪ್ರಶ್ನೆ. ಗೋಡೆಯ ಕತೆ ಎಡುವಾರ್ಡೋ ಬಸ್ಸೀನಿಯಿಂದ ಶುರು. ಇಟಲಿಯ ಪಾವಿಯಾದಲ್ಲಿ 1844ರಲ್ಲಿ ಹುಟ್ಟಿದ ಇವರು ದೇಶದ ಏಕೀಕರಣಕ್ಕೆ ಹೋರಾಡಿದ ಗ್ಯಾರಿಬಾಲ್ಡಿಯ ಪಕ್ಷದ ಹೋರಾಟಗಾರರಾಗಿ 1867ರಲ್ಲಿ ರೋಮ್ ಹತ್ತಿರ ಕಾದಾಡುವಾಗ ತೊಡೆಸಂದಿಗೇ ಬಂದೂಕಿನ ಈಟಿ ತಿವಿಸಿಕೊಂಡು ಸೆರೆಯಾದರು. ಗಾಯದಿಂದ ಮಲ ಸೋರುತ್ತಿತ್ತು, ಹೇಗೋ ಬದುಕಿದರು. ಮುಂದೆ ಪಾದುವಾದ ಪ್ರೊಫೆಸರ್ ಆಗಿ ತಾವೇ ಪೆಟ್ಟು ತಿಂದ ಆ ಜಾಗದ ಗೋಡೆಯನ್ನು ಮರಳಿ ಕಟ್ಟುವ ಬಗೆಯನ್ನು 1884ರಿಂದ ರೂಢಿಸಿದರು. ಹಿಂಗೋಡೆಯನ್ನು ತೆರೆದು, ಮೇಲಿನ ಮೂರು ಪದರಗಳನ್ನು ಒಟ್ಟಿಗೆ ಹಿಡಿದು, ಕೆಳಗಿನ ಇಂಗ್ವೈನಲ್ ಕಟ್ಟಿಗೆ ಹೊಲಿಯುವುದು. ಅದಕ್ಕೂ ಮುಂಚಿನವರು ಓಣಿಯ ಬಾಯಿಯನ್ನಷ್ಟೇ ಮುಚ್ಚುತ್ತಿದ್ದರು. ಬಸ್ಸೀನಿ ಓಣಿಯ ಓರೆಯನ್ನೇ ಮರಳಿ ತಂದರು.

ಬಸ್ಸೀನಿಯ ಹೊಲಿಗೆಯ ಒಂದು ಕುಂದೆಂದರೆ ಎಳೆತ. ದೂರವಿರುವ ಎರಡನ್ನು ಎಳೆದು ಕಟ್ಟಿದರೆ ನೋವು ಹೆಚ್ಚು, ದಾರ ಕೊಯ್ದುಕೊಂಡು ಮತ್ತೆ ಗಂಟು ಬರುವುದೂ ಉಂಟು. ಟೊರಾಂಟೋದ ಅರ್ಲ್ ಶೋಲ್ಡೈಸ್ ಎಳೆತವನ್ನು ಹಲವು ಸಾಲುಗಳಿಗೆ ಹಂಚಿದರು. ಹಿಂಗೋಡೆಯ ಪೊರೆಯನ್ನು ಒಂದರ ಮೇಲೊಂದು ಬರುವಂತೆ ಮಡಿಸಿ, ಸಣ್ಣ ಉಕ್ಕಿನ ತಂತಿಯಿಂದ ಎಡೆಬಿಡದೆ ನಾಲ್ಕು ಸಾಲು ಹೊಲಿಯುವುದು. ರೋಗಿ ಎಚ್ಚರವಾಗಿರುತ್ತಾನೆ, ಬೇಗ ಎದ್ದು ನಡೆಯುತ್ತಾನೆ. 1945ರಲ್ಲಿ ಅವರು ಹರ್ನಿಯಾಗೆಂದೇ ಆಸ್ಪತ್ರೆ ತೆರೆದರು. ಜಾಲರಿ ಇಲ್ಲದ ರಿಪೇರಿಗಳಲ್ಲಿ ಇದೇ ಮೇಲು ಎಂದು 2018ರ ಅಂತಾರಾಷ್ಟ್ರೀಯ ಮಾರ್ಗಸೂಚಿಯೂ ಹೇಳುತ್ತದೆ. ಕಲಿಯಲು ಮಾತ್ರ ಕಷ್ಟ.

ಎಳೆಯುವುದೇ ಬೇಡ, ತೇಪೆ ಹಚ್ಚೋಣ ಎಂದವರು ಲಾಸ್ ಏಂಜಲೀಸಿನ ಇರ್ವಿಂಗ್ ಲಿಕ್ಟನ್‌ಸ್ಟೈನ್. ಪಾಲಿಪ್ರೊಪಿಲೀನ್ ಜಾಲರಿಯನ್ನು ಸಡಿಲವಾಗಿ ಹಿಂಗೋಡೆಯ ಮೇಲೆ ಹಾಸಿ, ಹುರಿ ಹಾಯಲು ಒಂದು ಸೀಳು ಬಿಟ್ಟು, ಅಂಚು ಹೊಲಿದುಬಿಡುವುದು. ಸಾವಿರ ರೋಗಿಗಳ ಅನುಭವವನ್ನು 1989ರಲ್ಲಿ ಪ್ರಕಟಿಸಿದರು. ಇಂದು ನಮ್ಮ ಕಲಬುರಗಿಯ ಆಸ್ಪತ್ರೆಗಳಲ್ಲಿ "ಜಾಳಿ ಹಾಕ್ಯಾರ" ಎಂದು ರೋಗಿಗಳು ಹೇಳುವುದು ಬಹುಮಟ್ಟಿಗೆ ಇದನ್ನೇ. ಜಾಳಿಯ ಬೆಲೆ ಬಡವರಿಗೆ ಭಾರವೆಂದು ಕಂಡ ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೊಂಡಾಯಿಚಾದ ಸರ್ಜನ್ ರವೀಂದ್ರನಾಥ ಟೊಂಗಾಂವ್‌ಕರ್ ಸೊಳ್ಳೆಪರದೆಯ ಬಟ್ಟೆಯನ್ನೇ ಕತ್ತರಿಸಿ, ಕ್ರಿಮಿಶುದ್ಧ ಮಾಡಿ ಬಳಸಿದರು. 2003ರಲ್ಲಿ ಹಲವು ಕಡೆಯ ಫಲಿತಾಂಶ ಒಟ್ಟುಗೂಡಿಸಿ ಬರೆದರು. ಉಗಾಂಡಾದಲ್ಲಿ ನಡೆದ, 2016ರಲ್ಲಿ ವರದಿಯಾದ ಪರೀಕ್ಷೆಯಲ್ಲೂ ಸೊಳ್ಳೆಪರದೆಯ ಜಾಲರಿ ದುಬಾರಿ ಜಾಲರಿಗೆ ಒಂದು ವರ್ಷದ ಮಟ್ಟಿಗೆ ಸರಿಸಾಟಿಯಾಗಿ ನಿಂತಿತು. ತಾಲ್ಲೂಕಿನ ಊರಿನಲ್ಲಿ ಹುಟ್ಟಿದ ಆಲೋಚನೆ ಜಗತ್ತಿನ ದೊಡ್ಡ ವೈದ್ಯ ಪತ್ರಿಕೆಯವರೆಗೆ ನಡೆದುಹೋದದ್ದು ಹೀಗೆ.

ಆದರೆ ತುರ್ತು ಆಪರೇಶನ್ನಿನಲ್ಲಿ ಜಾಲರಿಗೆ ಒಂದು ಅಂಜಿಕೆ ಇದೆ. ಕೊಳೆಯಲ್ಲಿ ನೂಲು ಹಾಸಿದರೆ ಕ್ರಿಮಿ ಅದರಲ್ಲೇ ಮನೆ ಮಾಡಬಹುದು. ಮೊದಲು ಎಲ್ಲರೂ ಬೇಡವೇ ಬೇಡ ಎನ್ನುತ್ತಿದ್ದರು. ಈಗ ವಿವೇಚನೆ ಬಂದಿದೆ. ತುರ್ತು ಶಸ್ತ್ರಚಿಕಿತ್ಸೆಯ ವಿಶ್ವಸಂಘ 2017ರಲ್ಲಿ ಪರಿಷ್ಕರಿಸಿದ ಸೂತ್ರದ ಸಾರ ಇಷ್ಟು: ಕರುಳು ಜೀವಂತವಿದ್ದರೆ ಜಾಲರಿ ಹಾಕಬಹುದು, ಕರುಳು ಕತ್ತರಿಸಿ ಜೋಡಿಸಿದ್ದರೂ ಮಲ ಚೆಲ್ಲದಿದ್ದರೆ ಹಾಕಬಹುದು, ಕರುಳು ತೂತಾಗಿ ಮಲ, ಕೀವು ಹರಡಿದ್ದು ಕಿಂಡಿಯೂ ಸಣ್ಣದಾಗಿದ್ದರೆ ಬರೀ ದಾರದಿಂದ ಮುಚ್ಚಿ ಹೊರಬರುವುದು ಲೇಸು. ಆ ಹೊತ್ತಿಗೆ ಬಸ್ಸೀನಿ, ಶೋಲ್ಡೈಸ್ ಮತ್ತೆ ನೆನಪಾಗುತ್ತಾರೆ. ನಮ್ಮ ನೆರೆಯ ಪುಣೆಯ ಮೋಹನ್ ದೇಸರ್ಡಾ 2001ರಲ್ಲಿ ಪ್ರಕಟಿಸಿದ ಬಗೆಯೂ ಇಲ್ಲಿ ಕೈಗೆ ಬರುತ್ತದೆ. ರೋಗಿಯದೇ ಎಕ್ಸ್‌ಟರ್ನಲ್ ಆಬ್ಲಿಕ್ ಪೊರೆಯಿಂದ ಒಂದು ಪಟ್ಟಿಯನ್ನು, ಎರಡು ತುದಿಗಳನ್ನು ಕಡಿಯದೆ, ಬಿಡಿಸಿ ಹಿಂಗೋಡೆಗೆ ಹೊಲಿಯುವುದು. ಪಟ್ಟಿಗೆ ಜೀವವಿದೆ, ಸ್ನಾಯು ಸೆಳೆದಾಗ ಅದೂ ಬಿಗಿಯುತ್ತದೆ. ಪರಕೀಯ ವಸ್ತುವೊಂದೂ ಇಲ್ಲ. ಕಂಡಾಗ ಇಷ್ಟು ಸರಳವೇ ಎನಿಸುವ ಜಾಣ್ಮೆ.

ಫೆಮೊರಲ್ ಹರ್ನಿಯಾಗೆ ಸೇರುವ ದಾರಿಗಳು ಮೂರು. ಲಾಕ್‌ವುಡ್ ಹೆಸರಿನ ಕೆಳದಾರಿ ತೊಡೆಯ ಗಂಟಿನ ಮೇಲೇ ಇಳಿಯುತ್ತದೆ. ಚಿಕ್ಕದು, ಸರಳ, ಆದರೆ ಕರುಳು ಸತ್ತಿದ್ದರೆ ಕೈಯಾಡಿಸಲು ಎಡೆಯಿಲ್ಲ. 1898ರ ಲೋಥೈಸನ್ ದಾರಿ ಓಣಿಯ ಮೂಲಕ ಹೋಗುತ್ತದೆ. ಗಟ್ಟಿಯಿರುವ ಹಿಂಗೋಡೆಯನ್ನು ಸುಮ್ಮನೆ ಸೀಳಬೇಕು. 1950ರಲ್ಲಿ ಮ್ಯಾಕಿವಿಡಿ ತೋರಿದ ಮೇಲುದಾರಿ ಹೊಟ್ಟೆಯ ನೇರ ಸ್ನಾಯುವಿನ ಪಕ್ಕದಿಂದ ಇಳಿದು, ಅದೇ ಗಾಯದಿಂದ ಒಳಪೊರೆ ತೆರೆದು ಕರುಳನ್ನು ಕತ್ತರಿಸಿ ಜೋಡಿಸಲೂ ಎಡೆ ಕೊಡುತ್ತದೆ. ಕರುಳು ಬಿಗಿದ ಮುದುಕಿಗೆ ಹಲವರು ಇದನ್ನೇ ಆರಿಸುತ್ತಾರೆ. ಮೂರರಲ್ಲೂ ಉಂಗುರ ಬಿಡಿಸುವಾಗ ಒಳಮಗ್ಗುಲಲ್ಲಿ ಎಚ್ಚರ ಬೇಕು. ಕೆಲವರಲ್ಲಿ ದಾರಿ ತಪ್ಪಿದ ರಕ್ತನಾಳವೊಂದು ಅಲ್ಲೇ ಹಾದಿರುತ್ತದೆ. ಹಳಬರು ಅದಕ್ಕೆ ಸಾವಿನ ಕಿರೀಟವೆಂದೇ ಹೆಸರಿಟ್ಟಿದ್ದಾರೆ.

ಲ್ಯಾಪರೊಸ್ಕೋಪಿನ ದಾರಿ ಹೊಸದು. 1990ರ ದಶಕದ ಮೊದಲಲ್ಲಿ ಹೊಟ್ಟೆಯೊಳಗಿಂದ ಹೋಗುವ ಟ್ಯಾಪ್, ಒಳಪೊರೆಯ ಹೊರಗಿಂದಲೇ ಹೋಗುವ ಟೆಪ್ ಎಂಬ ಎರಡು ಬಗೆ ಬಂದವು. ಹೊಟ್ಟೆಯೊಳಗಿಂದ ನೋಡಿದಾಗ ಓಣಿಯ ಒಳಬಾಯಿ, ಸಡಿಲಾದ ಹಿಂಗೋಡೆ, ಫೆಮೊರಲ್ ಸಂದು ಮೂರೂ ಒಂದೇ ನೋಟಕ್ಕೆ ಸಿಗುತ್ತವೆ. ಒಂದೇ ದೊಡ್ಡ ಜಾಲರಿ ಮೂರನ್ನೂ ಮುಚ್ಚುತ್ತದೆ. ತುರ್ತಿನಲ್ಲಿ ಟ್ಯಾಪ್‌ನ ಸೊಗಸೆಂದರೆ, ಗೋಡೆ ಕಟ್ಟುತ್ತಿರುವಷ್ಟೂ ಹೊತ್ತು ಬಿಡಿಸಿದ ಕರುಳು ಕಣ್ಣ ಮುಂದೆಯೇ ಇರುತ್ತದೆ. ಕೊನೆಗೆ ಮತ್ತೊಮ್ಮೆ ತಿರುಗಿ ನೋಡಿ ಬಣ್ಣ ಬಂದಿದೆಯೆಂದು ಖಾತರಿ ಮಾಡಿಕೊಳ್ಳಬಹುದು. ಆದರೆ ಕರುಳು ಉಬ್ಬಿ ತುಂಬಿದ ಹೊಟ್ಟೆಯಲ್ಲಿ ಇದಕ್ಕೆ ಪಳಗಿದ ತಂಡವೇ ಬೇಕು.

ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ದಂಡೆಯ ಆ ಹಳೆಯ ಮಾನ್ಯಖೇಟ, ಕವಿರಾಜಮಾರ್ಗ ರೂಪುಗೊಂಡ ಆಸ್ಥಾನದ ಊರು. ಆ ಗ್ರಂಥದ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದು ದೋಷಾದೋಷಗಳ ವಿಚಾರ. ಅಲಂಕಾರಗಳ ಮಾತು ಬರುವುದು ಆಮೇಲಿನ ಎರಡರಲ್ಲಿ. ತುರ್ತು ಹರ್ನಿಯಾದ ಸರ್ಜನ್ನನ ಮಾರ್ಗವೂ ಇದೇ. ಕರುಳಿನ ದೋಷ ಮೊದಲು, ಗೋಡೆಯ ಸೊಗಸು ಆಮೇಲೆ. ಯಾವ ಬಗೆ ಶ್ರೇಷ್ಠ ಎಂದು ಕೇಳುವುದು ಇಲ್ಲಿ ಸಲ್ಲದು. ಸತ್ತ ಕರುಳಿನ ಕೊಳೆಯಲ್ಲಿ ಹೊಚ್ಚಹೊಸ ಜಾಲರಿ ದೋಷವಾಗುತ್ತದೆ. ನೂರು ವರ್ಷ ದಾಟಿದ ಬಸ್ಸೀನಿಯ ಹೊಲಿಗೆ ಅಲ್ಲಿ ಗುಣವಾಗುತ್ತದೆ. ಎಂಬತ್ತರ ಅಜ್ಜನಿಗೆ ಜಾಗ ಮರಗಟ್ಟಿಸಿ ಅರ್ಧ ತಾಸಿನಲ್ಲಿ ಮುಗಿಸಿದ ಸಾದಾ ರಿಪೇರಿ, ಲ್ಯಾಪರೊಸ್ಕೋಪಿನ ಎರಡು ತಾಸಿನ ಚಮತ್ಕಾರಕ್ಕಿಂತ ಮೇಲಾಗಬಹುದು. ಎಲ್ಲ ಬಗೆಗಳನ್ನೂ ಬಲ್ಲವನು ಆ ಹೊತ್ತಿಗೆ ಒಂದನ್ನು ಆರಿಸಿ ಉಳಿದವನ್ನು ಬಿಡುವ ಔಚಿತ್ಯವೇ ಈ ಕಲೆಯ ರಸ. ಹಳ್ಳಿಯವರು ಡಾಕ್ಟರರ ಕೈಗುಣವೆಂದು ಹೊಗಳುವಾಗ ಆ ಕೈಯನ್ನು ನಡೆಸಿದ ಈ ತೀರ್ಮಾನವನ್ನೂ ಸೇರಿಸಿಯೇ ಹೊಗಳಬೇಕು.

ಓದುಗರಲ್ಲಿ ಒಂದು ಮಾತು. ಇಷ್ಟೆಲ್ಲ ಸೊಗಸಿದ್ದರೂ ತುರ್ತು ಆಪರೇಶನ್ ಬೇಕಾಗದಿರುವುದೇ ಒಳ್ಳೆಯದು. ತೊಡೆಸಂದಿನಲ್ಲಿ ಬಂದು ಹೋಗುವ ಗಂಟಿದ್ದರೆ ನಾಚಿಕೆ ಬಿಟ್ಟು ಸರ್ಜನ್ನರಿಗೆ ತೋರಿಸಿ. ಹೆಂಗಸರಿಗೆ ಅಲ್ಲಿ ಗಂಟು ಕಂಡರೆ ತಡಮಾಡಬೇಡಿ. ದಿನವೂ ಒಳಹೋಗುತ್ತಿದ್ದ ಗಂಟು ಒಮ್ಮೆ ಹೋಗದೆ ಗಟ್ಟಿಯಾಗಿ ನೋಯತೊಡಗಿದರೆ, ವಾಂತಿ ಬಂದರೆ, ನೀವು ಒತ್ತಬೇಡಿ, ಎಣ್ಣೆ ಹಚ್ಚಿ ತಿಕ್ಕಿಸಬೇಡಿ, ಏನೂ ತಿನ್ನಬೇಡಿ, ಕುಡಿಯಬೇಡಿ. ಬೆಳಗಾಗಲಿ ಎನ್ನದೆ 108ಕ್ಕೆ ಕರೆ ಮಾಡಿ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ, ಅವರು ಕಲಬುರಗಿಗೆ ಕಳಿಸಿದರೆ ಆಗಲೇ ಹೊರಡಿ. ಬಿಗಿದ ಕರುಳಿಗೆ ಸಿಗುವುದು ಕೆಲವೇ ತಾಸು.